ಬಡಗಿಯ ತಲೆಗೆ ಬಿದ್ದ ಪೆಟ್ಟು

ದೂರು ಠಾಣೆಗೆ ಬಂದದ್ದು ಸೋಮವಾರ ಬೆಳಿಗ್ಗೆ. ತಂದವಳು ಬಡಗಿಯ ಹೆಂಡತಿ; ಗಂಡನನ್ನೂ ಜೊತೆಗೆ ಕರೆತಂದಿದ್ದಳು. ಆರು ತಿಂಗಳ ಹಿಂದೆ ಮರಗೆಲಸದ ಶೆಡ್ಡಿನಲ್ಲಿ ಹಲಗೆ ಉರುಳಿ ಗಂಡನ ತಲೆಗೆ ಪೆಟ್ಟಾಯಿತೆಂದೇ ಎಲ್ಲರೂ ನಂಬಿದ್ದರು. ಈಗಷ್ಟೇ ಮಾತು ಮರಳುತ್ತಿದ್ದ ಅವನು, "ಹಲಗೆ ಅಲ್ಲ, ಹೊಡೆದರು" ಎನ್ನತೊಡಗಿದ್ದ.

"ಯಾರು ಹೊಡೆದದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ಅಪ್ಪ" ಎಂದ ಬಡಗಿ. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಸ್ವಲ್ಪ ಹೊತ್ತಿನ ಮೇಲೆ ಇನ್ಸ್‌ಪೆಕ್ಟರರನ್ನೇ ದಿಟ್ಟಿಸಿ, "ನೀವೇ ಅಲ್ವಾ?" ಎಂದ.

ಹೇಳಿಕೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ತಲೆ ಎತ್ತಿದ. "ಸಾರ್, ಇದನ್ನೂ ಬರೀಲಾ?"

"ಬರಿ."

ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ. ಇನ್ಸ್‌ಪೆಕ್ಟರಿಗೆ ತಲೆಬುಡ ತಿಳಿಯಲಿಲ್ಲ.

"ಆ ಗಳಿಗೆ ಅವರಿಗೆ ಎಂದೂ ನೆನಪಾಗದೇ ಇರಬಹುದು," ಎಂದರು ಆಸ್ಪತ್ರೆಯ ವೈದ್ಯೆ. "ಖಾಲಿ ಜಾಗಕ್ಕೆ ಮಿದುಳು ಸಿಕ್ಕಿದ ಮುಖ ತಂದು ಕೂರಿಸುತ್ತೆ. ಸುಳ್ಳು ಹೇಳ್ತಿಲ್ಲ, ಹಾಗಂತ ನಂಬೋಕೂ ಆಗಲ್ಲ." ಹಳೆಯ ಸ್ಕ್ಯಾನ್ ಬೆಳಕಿಗೆ ಹಿಡಿದು ದನಿ ತಗ್ಗಿಸಿದರು. "ಆವತ್ತು ಜೀವ ಉಳಿಸೋ ಗಡಿಬಿಡಿ. ಹಲಗೆ ಅಂದರು, ಒಪ್ಪಿಕೊಂಡ್ವಿ. ಆದರೆ ಮೂಳೆಯ ತಗ್ಗು ಚಿಕ್ಕದು, ಗುಂಡಗಿದೆ. ಹಲಗೆ ಬಿದ್ದರೆ ಹೀಗಾಗಲ್ಲ."

"ಇಷ್ಟು ಸುಧಾರಿಸಿದ್ದು ಹೇಗೆ?"

"ಬರೀ ಮಾತ್ರೆಯಿಂದಲ್ಲ. ನಿದ್ದೆ, ನಡಿಗೆ, ಕೈಗೊಂದು ಕೆಲಸ, ಮನೆಯವರ ಮಾತು, ಎಲ್ಲಾ ಸೇರಿ. ಅವರ ತಮ್ಮ ದಿನಾ ಜೊತೆಗಿದ್ದು ಮಾಡಿಸ್ತಾನೆ."

ಇನ್ಸ್‌ಪೆಕ್ಟರ್ ಮನೆಗೆ ಹೋದಾಗ ತಮ್ಮ ನೆಲದ ಮೇಲೆ ಉಪಕರಣಗಳನ್ನು ಹರಡಿಕೊಂಡು ಅಣ್ಣನಿಗೆ ಹೆಸರು ಹೇಳಿಸುತ್ತಿದ್ದ. ಉಳಿ. ಗರಗಸ. ಇಕ್ಕಳ. ಅಣ್ಣ ತಡವರಿಸಿದರೆ ಬೆನ್ನು ಸವರುತ್ತಿದ್ದ.

"ಸುತ್ತಿಗೆ ಎಲ್ಲಿ?"

ತಮ್ಮನ ಕೈ ನಿಂತಿತು. "ಕಳೆದುಹೋಯ್ತು."

"ಬಡಗಿಯ ಮನೇಲಿ ಇನ್ನೊಂದು ಇಲ್ವಾ?"

ಅವನು ಇಕ್ಕಳವನ್ನು ನೆಲಕ್ಕಿಟ್ಟ. "ಆ ಹೆಸರು ಕಲಿಸೋಕೆ ನನ್ನ ಕೈಲಾಗಲಿಲ್ಲ, ಸಾರ್."

ಶೆಡ್ಡಿನ ಹಿಂದೆ ಅವನೇ ತೋರಿಸಿದ ಜಾಗವನ್ನು ಅಗೆದು, ಪಂಚನಾಮೆ ಮಾಡಿ ಸುತ್ತಿಗೆಯನ್ನು ವಶಕ್ಕೆ ಪಡೆದರು. ಮಧ್ಯಾಹ್ನವೇ ತಮ್ಮನ ಬಂಧನವಾಯಿತು. ದೂರು ಕೊಟ್ಟಿದ್ದ ಅತ್ತಿಗೆ ಜೀಪಿನ ಪಕ್ಕದಲ್ಲಿ ದಿಕ್ಕು ತೋಚದೆ ನಿಂತಿದ್ದಳು. "ನಾಳೆ ಇವರನ್ನ ನಡೆಸೋರು ಯಾರು, ಸಾರ್?"

ಇನ್ಸ್‌ಪೆಕ್ಟರ್ ಜೀಪು ಹತ್ತಿದರು.

ಠಾಣೆಯಲ್ಲಿ ತಮ್ಮ ಎಲ್ಲವನ್ನೂ ಹೇಳಿದ. ಆವತ್ತು ಅವನು ಮಾಡಿದ ಬಾಗಿಲನ್ನು ಅಣ್ಣ ಕೆಲಸಗಾರರ ಎದುರೇ ಬಿಚ್ಚಿಸಿ ಆಡಿಕೊಂಡಿದ್ದ. ಅವರೆಲ್ಲ ಹೋದ ಮೇಲೂ ಬಿಟ್ಟಿರಲಿಲ್ಲ.

"ಒಂದು ಸಲ ಬಾಯಿ ಮುಚ್ಚಲಿ ಅನ್ನಿಸ್ತು," ಎಂದ. "ಆಮೇಲೆ ದಿನಾ ಎದುರಿಗೆ ಕೂತು, ಬೈದಾದರೂ ಒಂದು ಮಾತಾಡಣ್ಣ ಅಂತ ಬೇಡಿಕೊಂಡೆ."