ಚಿನ್ನದ ಪಟ್ಟೆಯ ಫೂಕಿರಾನ್

ಡಾ. ಮುನೀರ್ ಕುಂಡವನ್ನು ತಮ್ಮ ಭವಿಷ್ಯಬಿಂಬಕ ಯಂತ್ರದ ಕೆಳಗಿಟ್ಟು ಗುಂಡಿ ಒತ್ತಿದರು. ಅಂಗೈಯಗಲದ ಗಿಡದ ಮೇಲೆ, ಗಾಳಿಯಲ್ಲೇ, ಇನ್ನೊಂದು ಗಿಡ ಮೂಡಿತು. ಅದೇ ಗಿಡ, ಇಪ್ಪತ್ತು ವರ್ಷಗಳ ಅನಂತರದ್ದು. ಬೀಸಣಿಗೆಯಂತೆ ಹರಡಿದ ಎಲೆಗಳ ಉದ್ದಕ್ಕೂ ಚಿನ್ನದ ಪಟ್ಟೆಗಳಿದ್ದವು. ಮಂಗಳೂರಿನ ಆರ್ಕಿಡ್ ಸಂಘದ ಸದಸ್ಯರು ಎದ್ದು ನಿಂತು ನೋಡಿದರು.

"ಯಾರದ್ದು ಇದು?" ಎಂದರು ಒಬ್ಬರು.

"ನನ್ನದು," ಎಂದಳು ಹಿಲ್ಡಾ.

ಮುಂದಿನ ಕುಂಡ ಅವಳ ಗೆಳತಿ ಜಲಜಾಕ್ಷಿಯದು. ಮೂಡಿದ ಬಿಂಬ ಬರೀ ಹಸಿರಾಗಿತ್ತು. "ಆರೋಗ್ಯವಾಗಿದೆ ಜಲಜಕ್ಕ," ಎಂದರು ಮುನೀರ್. ಆ ಸಮಾಧಾನದ ಮಾತೇ ಅವಳಿಗೆ ಚುಚ್ಚಿತು.

ಫೂಕಿರಾನ್ ಜಪಾನಿನ ಪುಟ್ಟ ಆರ್ಕಿಡ್. ಅದನ್ನು ಸಾಕುವವರು ಹೂವಿಗಿಂತ ಹೆಚ್ಚಾಗಿ ಎಲೆಯ ಬಾಗು, ಬಣ್ಣಗಳಿಗೆ ಮರುಳಾಗುತ್ತಾರೆ. ಬೆಳವಣಿಗೆ ಬಲು ನಿಧಾನವಾದ್ದರಿಂದ, ಈ ಯಂತ್ರ ಬರುವ ತನಕ ಯಾವ ಮರಿ ಏನಾದೀತೆಂದು ತಿಳಿಯಲು ಅರ್ಧ ಆಯುಷ್ಯ ಕಾಯಬೇಕಿತ್ತು. ಗೆಳತಿಯರ ಗಿಡಗಳೆರಡೂ ಒಂದೇ ತಾಯಿಗಿಡದ ಮರಿಗಳು. ಹಂಚಿಕೊಂಡ ದಿನ ಹಿಲ್ಡಾ, "ನಿನಗೆ ಬೇಕಾದ್ದನ್ನು ನೀನು ತಗೋ," ಎಂದಿದ್ದಳು. ಜಲಜಾಕ್ಷಿ ದೊಡ್ಡದನ್ನೇ ಆರಿಸಿಕೊಂಡಿದ್ದಳು. ಕಾಲೇಜಿನ ದಿನಗಳಿಂದಲೂ ಹೀಗೆಯೇ. ಕಣ್ಣು ಕೆಂಪಾಗುವಂತೆ ಓದಿದ್ದು ಜಲಜಾಕ್ಷಿ. ಮೊದಲ ಸ್ಥಾನ ಬಂದದ್ದು ಹಿಲ್ಡಾಳಿಗೆ.

ಇಬ್ಬರೂ ಕದ್ರಿಯ ಒಂದೇ ಕಟ್ಟಡದಲ್ಲಿದ್ದರು. ಕೆಲವೇ ದಿನಗಳಲ್ಲಿ ಹಿಲ್ಡಾ ಮಗಳ ಹೆರಿಗೆಗೆಂದು ಗೋವೆಗೆ ಹೊರಟಳು. "ಗಿಡಕ್ಕೆ ಸ್ವಲ್ಪ ನೀರು ಚಿಮುಕಿಸು ಮಾರಾಯ್ತಿ," ಎಂದು ಮನೆಯ ಕೀಲಿ ಕೊಟ್ಟಳು.

ಜಲಜಾಕ್ಷಿ ಮೊದಲ ದಿನ ನೀರು ಚಿಮುಕಿಸಿ ಬಂದಳು. ಮರುದಿನ ತನ್ನ ಗಿಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಎರಡನ್ನೂ ಬೇರು ಹಿಡಿದಿದ್ದ ಪಾಚಿಯ ದಿಬ್ಬದ ಸಮೇತ ಎತ್ತಿ, ಒಂದರ ಕುಂಡದಲ್ಲಿ ಇನ್ನೊಂದನ್ನು ಅದಲುಬದಲಾಗಿ ಕೂರಿಸಿದಳು. ನ್ಯಾಯವಾಗಿ ತನ್ನದಾಗಬೇಕಿದ್ದುದನ್ನು ತಂದಿದ್ದೇನೆ ಎಂದೇ ಅವಳಿಗೆ ಅನ್ನಿಸಿತು.

ಗೋವೆಯಿಂದ ಮರಳಿದ ಹಿಲ್ಡಾ ಮೊಮ್ಮಗಳ ಚಿತ್ರ ತೋರಿಸಿ, ಸಿಹಿ ಕೊಟ್ಟಳು. ಗಿಡದ ಮಾತೇ ಎತ್ತಲಿಲ್ಲ.

ಸಂಘದ ಮುಂದಿನ ಸಭೆಗೆ ಜಲಜಾಕ್ಷಿ ಎಲ್ಲರಿಗಿಂತ ಮೊದಲೇ ಹೋದಳು. ಮುನೀರ್ ಮೊದಲು ಅವಳ ಕುಂಡವನ್ನಿಟ್ಟು ಗುಂಡಿ ಒತ್ತಿದರು. ಗಾಳಿಯಲ್ಲಿ ಮೂಡಿದ್ದು ಬರೀ ಹಸಿರು ಗಿಡ. ಅನಂತರ ಹಿಲ್ಡಾಳ ಕುಂಡ ಇಟ್ಟರು. ಚಿನ್ನದ ಪಟ್ಟೆಗಳು ಥಳಥಳಿಸಿದವು.

"ನಿಮ್ಮ ಯಂತ್ರ ಹಾಳಾಗಿದೆ ಡಾಕ್ಟ್ರೇ," ಎಂದಳು ಜಲಜಾಕ್ಷಿ. "ಹೋದ ಸಲ ನನ್ನ ಈ ಗಿಡಕ್ಕೇ ಅಲ್ವಾ ಪಟ್ಟೆ ತೋರಿಸಿದ್ದು?"

ಹೋದ ಸಲ ಪಟ್ಟೆ ಮೂಡಿದ್ದು ಹಿಲ್ಡಾಳ ಗಿಡಕ್ಕೆಂದು ಎಲ್ಲರಿಗೂ ನೆನಪಿತ್ತು. ಆಡಿದ್ದೇನೆಂದು ಅವಳಿಗೆ ಅರಿವಾಗಲು ಒಂದು ಕ್ಷಣ ಹಿಡಿಯಿತು.

ಮುನೀರ್ ತಲೆ ತಗ್ಗಿಸಿಕೊಂಡೇ ವಿವರಿಸಿದರು. "ಯಂತ್ರ ಸರಿಯಾಗಿಯೇ ಉಂಟು ಜಲಜಕ್ಕ. ಎಲ್ಲರ ಗಿಡದ ಪಾಚಿಯಲ್ಲೂ ಮೊದಲೇ ಎಳ್ಳಿನಷ್ಟು ಸಣ್ಣ ಸೆನ್ಸರ್ ಇಟ್ಟಿದ್ದೆನಲ್ಲ, ಅದು ಗಿಡ ಈಗ ಇರುವ ಮನೆಯ ಬೆಳಕು, ಗಾಳಿ, ತೇವ ಎಲ್ಲವನ್ನೂ ದಾಖಲಿಸ್ತದೆ. ಆ ಮನೆಯಲ್ಲೇ ಬೆಳೆದರೆ ಗಿಡ ಏನಾಗ್ತದೆ ಎಂದು ಯಂತ್ರ ಲೆಕ್ಕ ಹಾಕುವುದು. ಈ ಎರಡು ಗಿಡಗಳ ಗುಣದಲ್ಲಿ ವ್ಯತ್ಯಾಸವೇ ಇಲ್ಲ. ಹಿಲ್ಡಕ್ಕನ ಮನೆಗೆ ಸಮುದ್ರದ ಕಡೆಯ ಬೆಳಕು ಬರ್ತದೆ, ಅಷ್ಟೆ."

ಯಾರೂ ಜಲಜಾಕ್ಷಿಯ ಮುಖ ನೋಡಲಿಲ್ಲ. ಅವಳು ಕುಂಡ ಹಿಡಿದು ಹೊರಗೆ ಬಂದಾಗ ಹಿಲ್ಡಾ ಹಿಂದೆಯೇ ಬಂದಳು.

"ನಿನಗೆ ಗೊತ್ತಿತ್ತಾ?" ಎಂದಳು ಜಲಜಾಕ್ಷಿ.

"ಬಂದ ದಿನವೇ. ದಿನಾ ನೋಡುವ ಗಿಡ ಗುರುತು ಸಿಗುವುದಿಲ್ವಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ಎಂತ ಕೇಳುವುದು? ನಿನ್ನದೂ ಚಂದವೇ ಇತ್ತು." ಹಿಲ್ಡಾ ಅವಳ ಕೈಯಿಂದ ಕುಂಡ ತೆಗೆದುಕೊಂಡಳು. "ಎರಡನ್ನೂ ನನ್ನ ಕಿಟಕಿಯಲ್ಲೇ ಇಡುವ. ಬೆಳಿಗ್ಗೆ ಚಹಾಕ್ಕೆ ಬಾ, ನಿನ್ನದಕ್ಕೆ ನೀನೇ ನೀರು ಹಾಕು."

ಜಲಜಾಕ್ಷಿ ತಲೆಯಾಡಿಸಿದಳು. ಕಣ್ಣು ತುಂಬಿ ಬಂತು. ಹಿಲ್ಡಾ ಅದನ್ನು ಪಶ್ಚಾತ್ತಾಪವೆಂದೇ ತಿಳಿದು ಹೆಗಲ ಮೇಲೆ ಕೈಯಿಟ್ಟಳು. ಪಶ್ಚಾತ್ತಾಪವೂ ಇತ್ತು, ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಹಳೆಯ ಸಂಕಟವೇ ಕುದಿಯುತ್ತಿತ್ತು: ಕ್ಷಮಿಸುವ ಭಾಗ್ಯವೂ ಇವಳಿಗೇ ಬಂತಲ್ಲ.

ಮರುದಿನ ಬೆಳಿಗ್ಗೆ ಅವಳು ಚಹಾಕ್ಕೆ ಹೋದಳು.