ಜೀರಿಗೆಯ ಕೈನಡುಕ

“ಬಕೆಟ್ ಇಳಿಸ್ಬೇಡ! ಇಳಿಸ್ಬೇಡ ಅಂದ್ನಲ್ಲ! ಇನ್ನೊಂದ್ ಸುತ್ತು!”

ಅಣ್ಣ ಮೆಟ್ಟಿಲ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದ. ಜೀರಿಗೆ ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ ಹಿಡಿದು ಹಿತ್ತಲು ಸುತ್ತುತ್ತಿದ್ದಳು. ನೀರು ಚೆಲ್ಲಿ ಅವಳ ಶೂ ಪಚಪಚ ಅನ್ನುತ್ತಿತ್ತು.

ಹುಟ್ಟಿದಾಗ ಅವಳು ತೀರಾ ಪುಟ್ಟಗಿದ್ದಳಂತೆ. ಅಣ್ಣ ತೊಟ್ಟಿಲೊಳಗೆ ಇಣುಕಿ, “ಇದೇನಮ್ಮಾ, ಜೀರಿಗೆ ಇದ್ದ ಹಾಗಿದೆ!” ಅಂದನಂತೆ. ಆವತ್ತು ಅಂಟಿಕೊಂಡ ಹೆಸರು ಇವತ್ತಿಗೂ ಬಿಟ್ಟಿಲ್ಲ.

“ಅಣ್ಣಾ, ಇವತ್ತೇ ಕಣೋ ಸೆಲೆಕ್ಷನ್. ಕೈ ನೋಯ್ತಿದೆ.”

“ನೋಯ್ಲಿ. ತೋಳಿಗೆ ಶಕ್ತಿ ಬಂದ್ರೆ ನಡುಕ ತಾನಾಗೇ ಓಡ್ಹೋಗತ್ತೆ. ಬೇಕಾದ್ರೆ ನಮ್ಮ ಜಿಮ್ಮಲ್ಲಿ ಕೇಳು.”

ಅಣ್ಣ ಜಿಮ್ ಸೇರಿ ತಿಂಗಳಾಗಿತ್ತು. ತೋಳು ಇನ್ನೂ ನುಗ್ಗೆಕಾಯಿಯ ಹಾಗೇ ಇತ್ತು. ಉಪದೇಶ ಮಾತ್ರ ಪೈಲ್ವಾನನದು.

ಜೀರಿಗೆಯ ತೊಂದರೆ ಇಷ್ಟೇ. ಶಾಲೆಯ ಶೂಟಿಂಗ್ ಕ್ಲಬ್ಬಿನಲ್ಲಿ ಏರ್ ಪಿಸ್ತೂಲು ಹಿಡಿದು ಕೈ ಚಾಚಿದರೆ ಸಾಕು, ಕೈ ನಡುಗುತ್ತಿತ್ತು. ಎದುರಿನ ಕಾಗದದ ಮೇಲಿರುವ ಕಪ್ಪು ವೃತ್ತ ಅತ್ತಿಂದಿತ್ತ ಓಡಾಡಿದಂತೆ ಕಾಣುತ್ತಿತ್ತು. ಶಾಲೆಯ ಟೀಮಿನಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಇಬ್ಬರು ಕಾದಿದ್ದರು. ಒಬ್ಬಳು ಜೀರಿಗೆ, ಇನ್ನೊಬ್ಬ ದಪ್ಪ ಕನ್ನಡಕದ ಸೋಡಾಬುಡ್ಡಿ. ಆ ಜಾಗ ಅವಳಿಗೆ ಬೇಕೇ ಬೇಕಿತ್ತು. ಕನಸಲ್ಲೂ ಅದೇ.

ಮಗಳ ಕೈ ನಡುಗುತ್ತದೆ ಅಂತ ಗೊತ್ತಾದ ಮೇಲೆ ಮನೆಮಂದಿಯೆಲ್ಲ ವೈದ್ಯರಾಗಿಬಿಟ್ಟಿದ್ದರು.

“ಇದನ್ನ ಕುಡಿ,” ಎಂದು ಅಮ್ಮ ಲೋಟದ ತುಂಬ ಕಡುಕಾಫಿ ತಂದಿಟ್ಟಳು. ಅಮ್ಮ ಬಸ್ ಡ್ರೈವರ್. “ಬೆಳಗಿನ ಡ್ಯೂಟಿಗೆ ಇದೊಂದ್ ಲೋಟ ಕುಡಿದ್ರೆ ಸ್ಟೇರಿಂಗ್ ಮೇಲಿನ ಕೈ ಅಲ್ಲಾಡಲ್ಲ ನಂದು.” ಕಹಿ ಗಂಟಲಿಗೆ ಹತ್ತಿದರೂ ಜೀರಿಗೆ ಕುಡಿದಳು. ಅಮ್ಮ ಅಷ್ಟು ಆಸೆಯಿಂದ ನೋಡುತ್ತಿರುವಾಗ ಬೇಡ ಅನ್ನುವುದು ಹೇಗೆ?

ಅಪ್ಪನದು ಕಿಟಕಿಗೆ ಗಾಜು ಕೂರಿಸುವ ಕೆಲಸ. “ಗಾಜು ಕೊಯ್ಯುವಾಗ ನಾನು ಉಸಿರೇ ಬಿಡಲ್ಲ ಮಗಳೇ. ನೀನೂ ಉಸಿರು ಬಿಗಿಹಿಡಿ. ಬಿಡ್ಲೇಬಾರದು,” ಅಂದ.

ಎಲ್ಲರ ಮಾತನ್ನೂ ಕೇಳಿ ಜೀರಿಗೆ ಶಾಲೆಗೆ ಬಂದಳು. ಹಿಂದೆಯೇ ಇಡೀ ಮನೆ ಬಂದಿತ್ತು. ಶೂಟಿಂಗ್ ಕೋಣೆಯ ಗಾಜಿನಾಚೆ ಮೂವರೂ ಸಾಲಾಗಿ ನಿಂತರು. ಅಪ್ಪ ಗಾಜಿನ ಅಂಚನ್ನು ಸವರಿ, ಯಾರು ಕೊಯ್ದರೋ ಸರಿಯಾಗಿ ಕೊಯ್ದಿಲ್ಲ ಅಂತ ಮುಖ ಸಿಂಡರಿಸಿದ.

ಅಭ್ಯಾಸಕ್ಕೆ ಪಿಸ್ತೂಲು ಎತ್ತಿದಳು. ಅಯ್ಯೋ! ಕೈ ಯಾವತ್ತೂ ಹೀಗೆ ನಡುಗಿರಲಿಲ್ಲ. ಮೊದಲ ಗುಂಡು ಕಪ್ಪು ವೃತ್ತಕ್ಕೆ ತಾಗಲೇ ಇಲ್ಲ. ಅವಳಿಗೆ ಅಳು ಬಂತು.

ಕೋಚ್ ಮೇಡಂ ಹತ್ತಿರ ಬಂದರು. “ಬೆಳಗ್ಗೆಯಿಂದ ಏನೇನ್ ಮಾಡ್ದೆ?”

“ಬಕೆಟ್ ಎತ್ತಿದೆ ಮೇಡಂ. ಸ್ಟ್ರಾಂಗ್ ಕಾಫಿ ಕುಡಿದೆ. ಆಮೇಲೆ ಉಸಿರು ಕಟ್ಟಿದೆ.”

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. “ಸುಸ್ತಾದ ತೋಳು, ಹೊಟ್ಟೆ ತುಂಬ ಕಾಫಿ, ಮೇಲೆ ಉಸಿರೂ ಇಲ್ಲ! ನಡುಗ್ದೆ ಇನ್ನೇನಾಗತ್ತೆ? ಯಾರಮ್ಮ ಇದನ್ನೆಲ್ಲ ಹೇಳ್ಕೊಟ್ಟಿದ್ದು?”

ಜೀರಿಗೆ ಗಾಜಿನಾಚೆ ನೋಡಿದಳು. ಮೂವರೂ ಒಟ್ಟಿಗೆ ಕೈಬೀಸಿದರು.

“ಯಾರೂ ಇಲ್ಲ ಮೇಡಂ. ನಾನೇ.”

ಮೇಡಂ ತಾವೇ ಪಿಸ್ತೂಲು ಎತ್ತಿ ಗುರಿ ಹಿಡಿದರು. “ಹಿಂದೆ ನಿಂತು ನಳಿಗೆಯ ತುದಿ ನೋಡು.”

“ನಿಮ್ದೂ ಅಲ್ಲಾಡತ್ತೆ ಮೇಡಂ!”

“ಮತ್ತೆ? ನಾನೇನು ಕಂಬಾನಾ? ಜೀವ ಇರೋ ಕೈ ಅಲ್ಲಾಡತ್ತೆ. ನಿಲ್ಲಿಸೋಕೆ ಹೋದಷ್ಟೂ ಜಾಸ್ತಿ ಆಗತ್ತೆ. ಅದನ್ನ ಅದರ ಪಾಡಿಗೆ ಬಿಡು. ಬೆರಳು ಮಾತ್ರ ಮೆತ್ತಗೆ ಒತ್ಲಿ. ತುಂಬ ಹೊತ್ತಾಯ್ತು ಅನ್ಸಿದ್ರೆ ಪಿಸ್ತೂಲು ಇಳಿಸು. ಉಸಿರಾಡು. ಮತ್ತೆ ಎತ್ತು.”

“ಇಳಿಸಿದ್ರೆ ಹೆದರ್ಕೊಂಡ್ಲು ಅಂತಾರೆ ಮೇಡಂ.”

“ಅನ್ಲಿ. ಕಾಗದಕ್ಕೆ ಕಿವಿ ಇಲ್ಲ.”

ಸ್ಪರ್ಧೆ ಶುರುವಾಯಿತು. ಕೆಲವು ಗುಂಡು ಚೆನ್ನಾಗಿ ಬಿದ್ದವು, ಕೆಲವು ದಾರಿ ತಪ್ಪಿದವು. ಕೊನೆಯ ಗುಂಡು ಉಳಿದಾಗ ಸೋಡಾಬುಡ್ಡಿ ಮುಗಿಸಿ ಕೂತಿದ್ದ. ಅವನನ್ನು ದಾಟಲು ಅವಳಿಗೆ ಈ ಗುಂಡಿನಲ್ಲಿ ಹತ್ತಕ್ಕೆ ಒಂಬತ್ತು ಅಂಕ ಬೇಕಿತ್ತು.

ಜೀರಿಗೆ ಕೈ ಎತ್ತಿದಳು. ಕೋಣೆಯ ಕಣ್ಣೆಲ್ಲ ಅವಳ ಮೇಲೆ. ತೋಳು ಭಾರವಾಯಿತು. ಕಪ್ಪು ವೃತ್ತ ಕುಣಿಯತೊಡಗಿತು. ಈಗಲೇ ಒತ್ತಿಬಿಡೋಣ, ಒಮ್ಮೆ ಮುಗಿದುಹೋಗಲಿ ಅಂತ ಬೆರಳು ತವಕಿಸಿತು. ಓರೆಗಣ್ಣಿಗೆ ಗಾಜಿನಾಚೆಯವರು ಕಂಡರು. ಅಪ್ಪ ಕೆನ್ನೆ ಉಬ್ಬಿಸಿ ತಾನೇ ಉಸಿರು ಕಟ್ಟಿದ್ದ. ಅಣ್ಣ ತೋಳು ಬಿಗಿದು ತೋರಿಸುತ್ತಿದ್ದ. ಅಮ್ಮ ಇಲ್ಲದ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದಿದ್ದಳು.

ಜೀರಿಗೆ ಪಿಸ್ತೂಲು ಇಳಿಸಿದಳು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಹಣೆ ಹಣೆ ಚಚ್ಚಿಕೊಂಡ. ಅಮ್ಮನ ಮುಖ ಸಪ್ಪಗಾಯಿತು. ಅದನ್ನು ನೋಡಿ ಜೀರಿಗೆಗೆ ಸಂಕಟವಾಯಿತು. ಆದರೂ ಅವಳು ಅವಸರ ಮಾಡಲಿಲ್ಲ. ಒಳಗೆ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟಳು. ಹೊಸ ಉಸಿರು ತುಂಬಿಕೊಂಡಳು. ಮತ್ತೆ ಕೈ ಎತ್ತಿದಳು.

ಕೈ ನಡುಗುತ್ತಲೇ ಇತ್ತು. ಸರಿ, ನಿನ್ನ ಕೆಲಸ ನೀನು ಮಾಡು ಅಂದುಕೊಂಡು ಬೆರಳನ್ನು ಮೆತ್ತಗೆ ಒತ್ತಿದಳು.

ಟಪ್!

ಮೇಡಂ ಕಾಗದ ತಂದರು. ಸೋಡಾಬುಡ್ಡಿ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದ. ಅವನ ಮುಖ ಬಾಡಿತು. “ಒಂಬತ್ತೇ ಕಣೇ,” ಅಂದ. ಅಂದು ಕೈ ಕುಲುಕಿದ. ಒಳ್ಳೆಯ ಹುಡುಗ.

ಮೂವರೂ ಒಳಗೆ ನುಗ್ಗಿ ಬಂದರು. “ಯಾಕೇ ಇಳಿಸ್ದೆ? ನಂಗೆ ಜೀವವೇ ಬಾಯಿಗೆ ಬಂದಿತ್ತು!” ಅಣ್ಣ ಕೂಗಿದ.

“ನಡುಗ್ತಾ ಇತ್ತು ಕಣೋ. ಅದಕ್ಕೇ ಇಳಿಸ್ದೆ,” ಅಂದಳು ಜೀರಿಗೆ, ಕೋಣೆಗೆಲ್ಲ ಕೇಳುವಂತೆ.

ಅಪ್ಪ ಅವಳ ಕೈಯನ್ನು ತನ್ನೆರಡೂ ಕೈಯೊಳಗೆ ತಗೊಂಡ. ಅವನ ಹುಬ್ಬು ಮೇಲಕ್ಕೆ ಹೋಯಿತು. “ಅಯ್ಯೋ, ಇನ್ನೂ ನಡುಗ್ತಾನೇ ಇದೆಯಲ್ಲ ಮಗಳೇ!”

ಅಮ್ಮನಿಗೆ ಗಾಬರಿ. “ನನ್ ಹತ್ರ ಒಂದು ಐಡಿಯಾ ಇದೆ...” ಅಂತ ಅಣ್ಣ ಶುರುಮಾಡಿದ.

ಜೀರಿಗೆ ಕೈಯನ್ನು ಅಪ್ಪನ ಅಂಗೈಯಲ್ಲೇ ಬಿಟ್ಟಳು.

“ನಡುಗ್ಲಿ ಬಿಡಪ್ಪ,” ಅಂದಳು.