ಸ್ಕ್ವೆಲ್ಚ್ ಮುಚ್ಚಿದ ಸಂಜೆಗಳು

"ಈ ಸದ್ದು ನಿಲ್ಲಿಸೋಕೆ ಆಗುತ್ತಾ, ಇಲ್ಲ ಇದನ್ನ ಎತ್ತಿ ಬಿಸಾಕ್ಲಾ?"

ಆಶಾರಾಣಿ ಅನಂತರಾಜುಗೆ ಹೇಳಿದ ಮೊದಲ ಮಾತು ಇದು. ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ!

ವಿದ್ಯಾರಣ್ಯಪುರದ ಆ ಮನೆಯ ಹಾಲ್‌ನಲ್ಲಿ ಅವಳ ಅಣ್ಣ ಸುರೇಶನ ವಾಕಿಟಾಕಿ ಬೆಳಗಿನಿಂದ ಬುಸ್ಸೆನ್ನುತ್ತಲೇ ಇತ್ತು. ಸುರೇಶನಿಗೆ ಹ್ಯಾಮ್ ರೇಡಿಯೊ ಹುಚ್ಚು, ಲೈಸೆನ್ಸ್ ಪಡೆದು ಗಾಳಿಯಲೆಗಳ ಮೇಲೆ ಗೆಳೆಯರ ಜೊತೆ ಹರಟುವ ಹವ್ಯಾಸ. ಹೋದ ತಿಂಗಳು ಹೆಬ್ಬಾಳದ ಹತ್ತಿರ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಅಂದಿನಿಂದ ತಾಯಿ ದ್ರೌಪದಮ್ಮ ಆ ರೇಡಿಯೊ ಬಿಟ್ಟು ಏಳುತ್ತಿರಲಿಲ್ಲ. ಅವರ ಕೈ ತಾಗಿ ಯಾವುದೋ ಸೆಟ್ಟಿಂಗ್ ಕೆಟ್ಟಿತ್ತು.

"ಆರಿಸ್ಬೇಡ ಕಣೇ. ಅವನ ಸ್ನೇಹಿತರು ಅದ್ರಲ್ಲಿ ಮಾತಾಡ್ತಾರೆ..."

ಅಂಥ ಸ್ನೇಹಿತರಲ್ಲಿ ಒಬ್ಬ ಅನಂತರಾಜು. ಯಶವಂತಪುರದಲ್ಲಿ ಇನ್ವರ್ಟರ್ ಅಂಗಡಿ ಇಟ್ಟವನು. ಬೈಸಿಕೊಂಡರೂ ದ್ರೌಪದಮ್ಮನ ಪಕ್ಕ ನೆಲದ ಮೇಲೆ ಕೂತ.

"ಇದಕ್ಕೆ ಸ್ಕ್ವೆಲ್ಚ್ ಅಂತಾರೆ. ಸರಿಯಾಗಿಟ್ರೆ ಯಾರೂ ಮಾತಾಡದೆ ಇದ್ದಾಗ ಸ್ಪೀಕರ್ ಮುಚ್ಕೊಂಡಿರುತ್ತೆ. ಜೊತೆಗೆ ಟೋನ್ ಕೂಡ ಹಾಕ್ತೀನಿ. ನಮ್ಮವರ ಮಾತಿನ ಜೊತೆ ಬರೋ ಗುರುತಿನ ಸಣ್ಣ ಸದ್ದು ಅದು, ಅದು ಬಂದ್ರೆ ಮಾತ್ರ ತೆರೆಯುತ್ತೆ."

ಡಿಜಿಟಲ್ ಸೆಟ್ಟು, ಮೆನುವಿನೊಳಗೆ ಮೆನು. ಎಲ್ಲ ಮುಗಿಸಿ ತನ್ನ ಸೆಟ್ಟಿನಲ್ಲಿ "ಅಮ್ಮ, ಕೇಳಿಸ್ತಾ?" ಎಂದ. ಸುರೇಶನ ರೇಡಿಯೊ ಅದನ್ನೇ ನುಡಿಯಿತು. ಆಮೇಲೆ ಮನೆ ನಿಶ್ಶಬ್ದವಾಯಿತು.

"ದಿನಾ ಸಂಜೆ ನಾವೆಲ್ಲ ಇದ್ರಲ್ಲಿ ಸೇರ್ತೀವಿ. ನಾನು ಅಮ್ಮನ್ನ ಕರೀತೀನಿ. ಆದ್ರೆ ನೀವು ಉತ್ತರ ಕೊಡೋ ಹಾಗಿಲ್ಲ. ಅದಕ್ಕೆ ಲೈಸೆನ್ಸ್ ಬೇಕು."

"ಕರೀತೀರಲ್ಲ, ಅಷ್ಟು ಸಾಕು," ಎಂದಳು ಆಶಾ. ಅಣ್ಣನ ಸೆಟ್ಟನ್ನು ಕೆಳಗಿಡುವಾಗ ಅನಂತರಾಜುವಿನ ಕಣ್ಣು ತುಂಬಿದ್ದನ್ನು ಅವಳು ನೋಡಿದ್ದಳು. ಅವತ್ತೇ ಅವನು ಅವಳಿಗೆ ಇಷ್ಟವಾಗಿಬಿಟ್ಟ.

ಆದರೆ ಆ ಸಂಜೆ ರೇಡಿಯೊ ಮಾತಾಡಲಿಲ್ಲ. ಮರುದಿನವೂ ಇಲ್ಲ!

"ಇವತ್ತು ಕರೀತಾರೆ. ಆಮೇಲೆ ಉಣ್ತೀನಿ," ಎನ್ನುತ್ತಿದ್ದರು ದ್ರೌಪದಮ್ಮ. ತಟ್ಟೆಯಲ್ಲಿ ಮುದ್ದೆ ಒಣಗುತ್ತಿತ್ತು. ಅಮ್ಮನ ಬಳೆ ಮೊಣಕೈವರೆಗೆ ಜಾರತೊಡಗಿತು.

ಈ ನಡುವೆ ಆಶಾಳ ಮೊಬೈಲಿಗೆ ಅನಂತರಾಜುವಿನಿಂದ ಕರೆ ಬಂತು. ಅವಳು ಎತ್ತಲಿಲ್ಲ. 'ಅಮ್ಮನಿಗೆ ಕೊಟ್ಟ ಮಾತು ಮರೆತವನಿಗೆ ನನ್ನ ನಂಬರ್ ಮಾತ್ರ ನೆನಪಿದೆಯಾ!'

ಒಂದು ಸಂಜೆ ದ್ರೌಪದಮ್ಮ ತಟ್ಟೆಯನ್ನು ತಾವೇ ದೂರ ಸರಿಸಿದರು. "ಬಿಡು. ಅವನ್ನ ಎಲ್ರೂ ಮರೆತ್ರು."

ಆಶಾ ಪಕ್ಕದ ಮನೆಯ ಶರಣವ್ವನನ್ನು ಅಮ್ಮನ ಹತ್ತಿರ ಕೂರಿಸಿ, ರೇಡಿಯೊ ಕೈಚೀಲಕ್ಕೆ ಹಾಕಿಕೊಂಡು ಯಶವಂತಪುರದ ಬಸ್ಸು ಹತ್ತಿದಳು.

"ತಗೊಳ್ಳಿ. ಇದು ನಮ್ಮನೆಗೆ ಬೇಡ, ನೀವೂ ಬೇಡ," ಎಂದು ಅಂಗಡಿಯ ಮೇಜಿನ ಮೇಲೆ ಕುಕ್ಕಿದಳು. "ಮಗನ್ನ ಕಳ್ಕೊಂಡವಳನ್ನ ಕಾಯಿಸೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ದಿನಾ ಕರೀತಿದೀನಲ್ರೀ!"

"ಸುಳ್ಳು!"

ಅನಂತರಾಜು ಸೆಟ್ಟು ಎತ್ತಿಕೊಂಡು ಮೆನು ತೆರೆದ. ನೋಡನೋಡುತ್ತಲೇ ಅವನ ಮುಖ ಕಪ್ಪಿಟ್ಟಿತು.

"ಅಯ್ಯೋ... ತಪ್ಪು ನನ್ದೇ ಕಣ್ರೀ. ಅವತ್ತು ನಿಮ್ಮನೇಲಿ ನನ್ನ ಸೆಟ್ಟಿಂದ ನೇರವಾಗಿ ಮಾತಾಡಿ ನೋಡಿದ್ದೆ. ಟೋನ್ ಸಿಕ್ತು, ತೆರೀತು. ಆದ್ರೆ ಸಂಜೆ ನಾವು ಮಾತಾಡೋದು ರಿಪೀಟರ್ ಮೂಲಕ. ಎತ್ತರದ ಕಟ್ಟಡದ ಮಹಡಿ ಮೇಲೆ ಕೂತು ನಮ್ಮ ಮಾತನ್ನ ದೂರಕ್ಕೆ ದಾಟಿಸೋ ಯಂತ್ರ ಅದು. ನಮ್ಮ ರಿಪೀಟರ್ ಟೋನ್‌ನ ತಡೆದು ಬರೀ ಮಾತು ಕಳಿಸುತ್ತೆ. ಟೋನ್ ಸಿಗದೆ ನಿಮ್ಮ ಸೆಟ್ಟು ಬಾಯಿ ಮುಚ್ಕೊಂಡಿತ್ತು. ಇಷ್ಟು ದಿನ ಅಮ್ಮ..."

ಅನಂತರಾಜು ಅಲ್ಲೇ ಕೇಳುವ ಕಡೆಯ ಟೋನ್ ತೆಗೆದುಹಾಕಿದ.

ಮರುಕ್ಷಣ ಅಂಗಡಿ ತುಂಬ ದನಿ! ಅವರ ಗುಂಪಿನ ಹಿರಿಯ ತಾಜುದ್ದೀನ್ ಮಾತಾಡುತ್ತಿದ್ದರು.

"ಅನಂತು ಇನ್ನೂ ಬಂದಿಲ್ಲ. ಅವನು ದಿನಾ ಹೇಳೋದನ್ನ ಇವತ್ತು ನಾನು ಹೇಳ್ತೀನಿ. ದ್ರೌಪದಮ್ಮನವ್ರೇ, ನಮ್ಮ ಸುರೇಶನ ತಾಯೀ, ಊಟ ಮಾಡ್ರಮ್ಮ. ನಾವೆಲ್ಲ ಇದೀವಿ."

ಆಶಾ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಹೋದ ದಿನವೂ ಅಮ್ಮನಿಗಾಗಿ ಅಳು ನುಂಗಿಕೊಂಡವಳು ಅವಳು. ಅನಂತರಾಜುವೂ ಅಳುತ್ತಿದ್ದ.

ಅಳು ನಿಂತ ಮೇಲೆ ಅವಳು ಕೇಳಿದಳು. "ಫೋನ್ ಯಾಕೆ ಮಾಡಿದ್ರಿ?"

"ರೇಡಿಯೊದಲ್ಲಿ ಹೇಳಿದ್ರೆ ಊರಿಗೆಲ್ಲ ಕೇಳುತ್ತೆ. ನಿಮ್ಮೊಬ್ಬರಿಗೇ ಹೇಳೋ ಮಾತಿತ್ತು."

"ಹೇಳಿ."

"ದುಃಖದ ಮನೆ... ಈಗ ಕೇಳೋದು ತಪ್ಪೇನೋ. ಅವತ್ತು ಬೈದ್ರಲ್ಲ, ಆಗಿನಿಂದ ನೀವಂದ್ರೆ ನನಗೆ ಪ್ರಾಣ ಕಣ್ರೀ. ಮದುವೆ ಆಗ್ತೀರಾ?"

ಆಶಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಮ್ಮನ್ನ ಬಿಟ್ಟು ಎಲ್ಲಿಗೂ ಬರಲ್ಲ."

"ಬರೋದು ಬೇಡ. ನಾನೇ ನಿಮ್ಮನೆಗೆ ಬರ್ತೀನಿ."

"ಮನೆ ಅಳಿಯ ಅಂತ ಆಡ್ಕೊಳ್ತಾರೆ. ಬೇಜಾರಾಗಲ್ವಾ?"

"ನೀವು ಫೋನ್ ಎತ್ತದೆ ಇದ್ದಾಗ ಆಯ್ತಲ್ಲ, ಅಷ್ಟು ಬೇಜಾರು ಇನ್ಯಾವುದಕ್ಕೂ ಆಗಲ್ಲ."

ಅವಳ ಒದ್ದೆ ಮುಖದಲ್ಲಿ ಸಣ್ಣ ನಗು ಮೂಡಿತು. ಅಮ್ಮನಿಗೆ ಕೇಳಿಸಲು ರೇಡಿಯೊವನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡು ಅವನ ಕೈ ಮೇಲೆ ಕೈಯಿಟ್ಟಳು.

"ಇನ್ಮೇಲೆ ಎತ್ತೀನಿ... ಮೊದಲನೇ ರಿಂಗಿಗೇ."